ಬ್ಯಾಕ್ ಒತ್ತಿದರೆ ಬರೆದದ್ದು ಎಲ್ಲಿಗೆ ಹೋಗುತ್ತೆ?

ನಮ್ಮಲ್ಲೊಬ್ಬನ ಸೋದರತ್ತೆಯ ಮಗಳ ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ಕೈ ತೊಳೆದು ಛತ್ರದ ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಜೇಬಿನಲ್ಲಿ ಫೋನು.

"ನೀವೇ ಏನಪ್ಪಾ ಆ ಫೋನ್‌ನಾಗೆ ಊರ ಸುದ್ದಿ ಹಾಕೋ ಹುಡುಗ್ರು?"

ಹೌದು ತಾತ ಅಂದೆವು. ಯಾರಾದರೂ ಹೀಗೆ ಗುರುತು ಹಿಡಿದರೆ ನಮಗೆ ಒಳಗೊಳಗೇ ಖುಷಿ. ಪತ್ರಿಕೋದ್ಯಮ ಓದಿ ಬೆಂಗಳೂರಿಗೆ ಹೋಗದೆ ಇಲ್ಲೇ ಉಳಿದ ನಾಲ್ಕು ಜನಕ್ಕೆ ಸಿಗುವ ಸಂಬಳ ಅದೊಂದೇ. ಆದರೆ ತಾತ ಹೊಗಳಲು ಬಂದವರಾಗಿರಲಿಲ್ಲ.

"ಸಂಕ್ರಾಂತಿ ಕಳೆದ ಮೇಲೆ ನಮ್ಮೂರ ಕೆರೆ ವಿಷಯ ಬರ್ದು ಕಳಿಸಿದ್ನಲ್ಲಪ್ಪ. ನೀವು ಹಾಕಲೇ ಇಲ್ಲ. ವಾರವಾರ ನೋಡ್ತಿದ್ದೆ. ಆಮೇಲೆ ನಮ್ಮಂಥೋರು ಬರೆದದ್ದು ಯಾಕೆ ಹಾಕ್ತಾರೆ ಅಂತ ಸುಮ್ನಾದೆ."

ನಮಗೆ ಅಂಥದ್ದು ಯಾವುದೂ ಬಂದಿರಲಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ನಮ್ಮ ಇನ್‌ಬಾಕ್ಸ್ ತೆಗೆದು ಜನವರಿಯಿಂದ ಹುಡುಕಿದೆವು. ಅವರ ಊರಿನ ಹೆಸರಿನಲ್ಲಿ ಒಂದೂ ಇಲ್ಲ. ಬಂದಿಲ್ಲ ತಾತ ಅಂದರೆ ಅವರು ನಂಬಲಿಲ್ಲ. ನಂಬದೇ ಇದ್ದದ್ದರಲ್ಲಿ ತಪ್ಪೇನಿಲ್ಲ. ಕಚೇರಿಗಳಲ್ಲಿ ಅರ್ಜಿ ಕೊಟ್ಟವರಿಗೆಲ್ಲ "ಬಂದೇ ಇಲ್ಲ" ಅನ್ನುವ ಮಾತು ಚೆನ್ನಾಗಿ ಗೊತ್ತು. ನಾವೂ ಅದೇ ಮಾತು ಆಡಿದ ಹಾಗಾಯಿತು.

ಹೇಗೆ ಕಳಿಸಿದಿರಿ, ಒಮ್ಮೆ ತೋರಿಸಿ ಅಂದೆವು. ಅವರು ವಾಟ್ಸಾಪ್ ತೆಗೆದು ಊರಿನ ಗುಂಪಿನಲ್ಲಿ ನಾವು ಹಾಕಿದ್ದ ಲಿಂಕ್ ಹುಡುಕಿ ಒತ್ತಿದರು. 'ನಿಮ್ಮೂರ ಮಾತು ನಮಗೆ ಬರೆಯಿರಿ' ಎಂಬ ನಮ್ಮ ಫಾರಂ ತೆರೆಯಿತು. ಕೆಳಗಿನ ದೊಡ್ಡ ಚೌಕದಲ್ಲಿ ಎರಡು ಪದ ಬರೆದರು. ಕೀಬೋರ್ಡು ಅರ್ಧ ಪರದೆ ತುಂಬಿಕೊಂಡಿತ್ತು. ಬರೆದದ್ದು ಸರಿಯಾಗಿದೆಯೋ ನೋಡಬೇಕಲ್ಲ, ಕೀಬೋರ್ಡು ಕೆಳಗಿಳಿಸಲು ಬ್ಯಾಕ್ ಒತ್ತಿದರು. ಕೀಬೋರ್ಡು ಹೋಯಿತು. ಬೆರಳು ಸ್ವಲ್ಪ ನಡುಗುವ ಕೈ, ಇನ್ನೊಮ್ಮೆ ಬ್ಯಾಕ್ ಬಿತ್ತು. ಫಾರಂ ಮಾಯವಾಗಿ ವಾಟ್ಸಾಪ್ ಬಂತು.

"ನೋಡು, ಹೋಯ್ತು. ಅವತ್ತೂ ಹಿಂಗೇ ಹೋಯ್ತು."

ಹೋಯ್ತು ಅಂದರೆ ಅವರ ಲೆಕ್ಕದಲ್ಲಿ ನಮಗೆ ತಲುಪಿತು ಅಂತ. ವಾಟ್ಸಾಪಿನಲ್ಲಿ ಬರೆದದ್ದು ಹೋಗುವ ಹಾಗೆ ಇದೂ ಹೋಯಿತು ಅಂತ. ನಮ್ಮ ನಾಲ್ಕೂ ಜನರ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು.

ಎಷ್ಟು ಬರೆದಿದ್ದಿರಿ ತಾತ ಅಂತ ಕೇಳಿದೆವು. ಮಧ್ಯಾಹ್ನ ಊಟ ಮಾಡಿ ಕೆರೆ ಏರಿ ಮೇಲೆ ಕೂತವರು ದನ ಮನೆಗೆ ಬರುವ ಹೊತ್ತಿನವರೆಗೂ ಬರೆದರಂತೆ. ಅವರ ಊರಿನಲ್ಲಿ ಸಿಗ್ನಲ್ ಸಿಗುವುದು ಏರಿ ಮೇಲೆಯೇ. ಸ್ವಲ್ಪ ಬೆರಳಲ್ಲಿ, ಸ್ವಲ್ಪ ಮೈಕಿನ ಗುರುತು ಒತ್ತಿ ಮಾತಾಡಿ. ಅವರ ಮನೆತನ ನೀರುಗಂಟಿಗಳದು. ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಕೋಡಿ ಬಿದ್ದಾಗ ಯಾರು ಯಾರು ಬಂದು ಮರಳು ಚೀಲ ಹಾಕಬೇಕು, ಕೆರೆಗೆ ನೀರು ತರುತ್ತಿದ್ದ ಕಾಲುವೆ ಎಲ್ಲೆಲ್ಲಿ ಮುಚ್ಚಿಹೋಗಿದೆ, ಎಲ್ಲವನ್ನೂ ಬರೆದಿದ್ದರಂತೆ. ಇಂಥದ್ದನ್ನು ಬರೆಯುವವರು ಸಿಗಲಿ ಎಂದೇ ನಾವು ಆ ಫಾರಂ ಮಾಡಿದ್ದು. ಸಿಕ್ಕಿದ್ದರು. ಅವರು ಬರೆದದ್ದನ್ನು ನಮ್ಮ ಫಾರಮ್ಮೇ ನುಂಗಿತ್ತು.

ತಪ್ಪು ತಾತನದಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಬ್ಯಾಕ್ ಎನ್ನುವುದಕ್ಕೆ ಒಂದೇ ಕೆಲಸವಿಲ್ಲ. ಕೀಬೋರ್ಡು ಮೇಲಿದ್ದರೆ ಅದನ್ನು ಇಳಿಸುತ್ತದೆ. ಇಲ್ಲದಿದ್ದರೆ ಹಿಂದಿನ ಪುಟಕ್ಕೆ ಒಯ್ಯುತ್ತದೆ. ಹಿಂದೆ ಪುಟವೇ ಇಲ್ಲದಿದ್ದರೆ, ಅಂದರೆ ವಾಟ್ಸಾಪಿನ ಲಿಂಕಿನಿಂದ ನೇರವಾಗಿ ಬಂದಿದ್ದರೆ, ಆ ಪುಟವನ್ನೇ ಮುಚ್ಚಿ ವಾಟ್ಸಾಪಿಗೆ ವಾಪಸ್ ಕಳಿಸುತ್ತದೆ. ಒಂದೇ ಗುಂಡಿ, ಮೂರು ಕೆಲಸ. ಮನೆಯ ಒಂದೇ ಸ್ವಿಚ್ಚು ಒಮ್ಮೆ ದೀಪ ಹಚ್ಚಿ, ಒಮ್ಮೆ ಮೋಟಾರು ನಿಲ್ಲಿಸಿ, ಇನ್ನೊಮ್ಮೆ ಮನೆಯ ಬಾಗಿಲನ್ನೇ ತೆಗೆದರೆ ಹೇಗಿರುತ್ತೆ ಯೋಚಿಸಿ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಗುಂಡಿಯೂ ಬೇಕಿಲ್ಲ. ಪರದೆಯ ಎಡ ಅಥವಾ ಬಲ ಅಂಚಿನಿಂದ ಬೆರಳು ಎಳೆದರೆ ಅದೇ ಬ್ಯಾಕ್. ಸಾಲಿನ ಮೊದಲ ಅಕ್ಷರ ತಿದ್ದಲು ಹೋಗಿ ಬೆರಳು ಅಂಚಿನಿಂದ ಸರಿದು ಎಲ್ಲವನ್ನೂ ಕಳೆದುಕೊಂಡವರು ನಮ್ಮಲ್ಲೇ ಇಬ್ಬರಿದ್ದೇವೆ.

ಇನ್ನೊಂದು ವಿಷಯ ಓದುಗರು ತಿಳಿದಿರಬೇಕು. ಫಾರಂ ತುಂಬುವಾಗ ನೀವು ಬರೆಯುತ್ತಿರುವುದು ಕಾಗದದ ಮೇಲಲ್ಲ, ಸ್ಲೇಟಿನ ಮೇಲೆ. ಕಳಿಸು ಎನ್ನುವ ಗುಂಡಿ ಒತ್ತುವವರೆಗೂ ಒಂದಕ್ಷರವೂ ಆ ಕಡೆಯವರಿಗೆ ಹೋಗಿರುವುದಿಲ್ಲ (ಬರೆಯುತ್ತಿದ್ದಂತೆಯೇ ಉಳಿಸಿಕೊಳ್ಳುವ ವ್ಯವಸ್ಥೆಯನ್ನು ಬೇರೆಯಾಗಿ ಮಾಡಿದ್ದರೆ ಮಾತ್ರ ಹೋಗುತ್ತದೆ). ಪುಟ ಮುಚ್ಚಿದರೆ ಸ್ಲೇಟು ಒರೆಸಿದಂತೆ.

ಪುಟ ಮುಚ್ಚದೆ ಹಿಂದಿನ ಪುಟಕ್ಕೆ ಮಾತ್ರ ಹೋಗಿದ್ದರೆ ಕೆಲವೊಮ್ಮೆ ಜೀವ ಉಳಿದಿರುತ್ತದೆ. ಗಾಬರಿಯಾಗಬೇಡಿ, ಬೇರೆ ಏನನ್ನೂ ಒತ್ತಬೇಡಿ. ಕ್ರೋಮಿನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿದರೆ ಬಲಕ್ಕೆ ಮುಖ ಮಾಡಿದ ಬಾಣ ಕಾಣುತ್ತದೆ. ಅದು ಮುಂದಿನ ಪುಟಕ್ಕೆ ಒಯ್ಯುತ್ತದೆ. ಈಗಿನ ಬ್ರೌಸರುಗಳು ಬಿಟ್ಟು ಬಂದ ಪುಟವನ್ನು ಸ್ವಲ್ಪ ಹೊತ್ತು ಇದ್ದ ಹಾಗೆಯೇ ನೆನಪಿನಲ್ಲಿ ಇಟ್ಟುಕೊಂಡಿರುತ್ತವೆ. ಫೈರ್‌ಫಾಕ್ಸ್ ಇದನ್ನು 2005ರಿಂದಲೇ ಮಾಡುತ್ತಿದೆ, ಫೋನಿನ ಕ್ರೋಮ್ 2020ರಿಂದ. ಅದೃಷ್ಟವಿದ್ದರೆ ಬರೆದದ್ದೆಲ್ಲ ಹಾಗೇ ಇರುತ್ತದೆ. ಆದರೆ 'ಈ ಪುಟವನ್ನು ಎಲ್ಲೂ ಇಟ್ಟುಕೊಳ್ಳಬೇಡ' ಎಂದು ಹೇಳಿ ಕಳಿಸುವ ಜಾಲತಾಣಗಳಲ್ಲಿ, ಗುಟ್ಟಿನ ವಿವರ ಇರುವಂಥ ಕಡೆ, ಇದನ್ನು ನಂಬಿಕೊಳ್ಳಬೇಡಿ. ತಾತನ ವಿಷಯದಲ್ಲಂತೂ ಪುಟವೇ ಮುಚ್ಚಿಹೋಗಿದ್ದರಿಂದ ಬಾಣ ಒತ್ತಿಯೂ ಪ್ರಯೋಜನವಿರಲಿಲ್ಲ.

ಆವತ್ತು ಮದುವೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮಾರನೇ ದಿನವೇ ಫಾರಂ ಸರಿ ಮಾಡಬೇಕು ಅಂತ ಕೂತೆವು. ನಮ್ಮಲ್ಲಿ ಕೋಡು ಗೊತ್ತಿರುವುದು ಒಬ್ಬನಿಗೆ, ಅದೂ ಅರ್ಧಂಬರ್ಧ. ಮಿಕ್ಕ ಮೂವರು ಅವನ ಸುತ್ತ ಕೂತು ಟೀ ಕುಡಿಯುವವರು.

ಮೊದಲು ಕಣ್ಣಿಗೆ ಬಿದ್ದದ್ದು ಬ್ರೌಸರಿನಲ್ಲೇ ಇರುವ ಒಂದು ಎಚ್ಚರಿಕೆ. ಬರೆದದ್ದು ಉಳಿಸಿಲ್ಲ, ಹೋಗಲೇಬೇಕಾ ಎಂದು ಕೇಳುವ ಪೆಟ್ಟಿಗೆ ನೀವೂ ನೋಡಿರುತ್ತೀರಿ. ಕೋಡಿನಲ್ಲಿ ಅದಕ್ಕೆ 'ಬಿಫೋರ್ ಅನ್‌ಲೋಡ್' ಅನ್ನುತ್ತಾರೆ. ಎರಡು ಸಾಲು ಬರೆದರೆ ಸಾಕು, ಕೆಲಸ ಮುಗಿಯಿತು ಅಂದುಕೊಂಡೆವು. ಕನ್ನಡದಲ್ಲಿ ಚೆಂದದ ಒಂದು ವಾಕ್ಯವನ್ನೂ ಬರೆದಿಟ್ಟೆವು. ಪರೀಕ್ಷೆ ಮಾಡಿ ನೋಡಿದರೆ ನಮ್ಮ ವಾಕ್ಯ ಬರಲೇ ಇಲ್ಲ. ಬ್ರೌಸರು ತನ್ನದೇ ಇಂಗ್ಲಿಷ್ ವಾಕ್ಯ ತೋರಿಸಿತು.

ಯಾಕೆ ಅಂತ ಹುಡುಕಿದಾಗ ಗೊತ್ತಾಯಿತು, ಹಿಂದೆ ಜಾಲತಾಣದವರು ಅಲ್ಲಿ ತಮ್ಮದೇ ಮಾತು ಹಾಕಬಹುದಿತ್ತು. ಮೋಸಗಾರರು ಅದನ್ನು ಬಳಸಿಕೊಂಡು ಜನರನ್ನು ಹೆದರಿಸಿ ಪುಟದಲ್ಲೇ ಕಟ್ಟಿಹಾಕತೊಡಗಿದರು. ಹಾಗಾಗಿ ಫೈರ್‌ಫಾಕ್ಸ್ ಆ ಅವಕಾಶ ತೆಗೆದುಹಾಕಿತು, 2016ರಲ್ಲಿ ಕ್ರೋಮ್ ಕೂಡ ಹಾಗೇ ಮಾಡಿತು. ಈಗ ಬರುವುದು ಬ್ರೌಸರಿನ ಸಿದ್ಧ ಮಾತು, ಫೋನು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ನಮ್ಮ ಕಡೆ ಬಹಳಷ್ಟು ಫೋನುಗಳು ಅಂಗಡಿಯಲ್ಲಿ ಕೊಟ್ಟ ಹಾಗೆ ಇಂಗ್ಲಿಷಿನಲ್ಲೇ ಇವೆ. ಕಳ್ಳರ ಕಾಟಕ್ಕೆ ಊರಿಗೆಲ್ಲ ಬೇಲಿ ಹಾಕಿದ ಹಾಗೆ. ಬೇಲಿ ಬೇಕಿತ್ತು ನಿಜ, ಆದರೆ ಅದರಿಂದ ನಮ್ಮ ತಾತನಂಥವರಿಗೆ ಒಂದು ಕನ್ನಡ ಮಾತು ತಪ್ಪಿತು.

ನಮ್ಮಲ್ಲೊಬ್ಬನ ಅಮ್ಮನ ಕೈಗೆ ಫೋನು ಕೊಟ್ಟು ನೋಡಿದೆವು. ಪೆಟ್ಟಿಗೆ ಬಂದ ಕೂಡಲೇ ಅವರು ಒಂದನ್ನು ಒತ್ತಿದರು. ಯಾವುದು ಒತ್ತಿದಿರಿ ಅಂದರೆ, "ಬಣ್ಣ ಇರೋದು" ಅಂದರು.

ಇದರ ನಡುವೆ ಇನ್ನೊಂದು ಎಡವಟ್ಟು ಮಾಡಿದೆವು. ಕಳಿಸು ಒತ್ತಿದ ಮೇಲೆ ಆ ಎಚ್ಚರಿಕೆಯನ್ನು ತೆಗೆಯಬೇಕಲ್ಲ, ಮರೆತೆವು. ಸರಿಯಾಗಿ ಬರೆದು ಸರಿಯಾಗಿ ಕಳಿಸಿದವರಿಗೂ 'ಬಿಟ್ಟು ಹೋಗಬೇಕಾ, ಉಳಿಸಿಲ್ಲ' ಎಂಬ ಪೆಟ್ಟಿಗೆ ಬಂದು ಹೆದರಿಸತೊಡಗಿತು. ಹೆದರಿದವರು ರದ್ದು ಒತ್ತಿದರು. ಮೂರು ದಿನ ನಮಗೆ ಒಂದೂ ಬರಹ ಬರಲಿಲ್ಲ. ಬರೆದು ಕಳಿಸದೇ ಇರುವ ಫಾರಮ್ಮಿಗೆ ಕೋಡು ಬರೆಯುವವರು 'ಡರ್ಟಿ' ಅನ್ನುತ್ತಾರಂತೆ, ಕೊಳೆಯಾದದ್ದು ಅಂತ. ಊರಿನವರು ಕಷ್ಟಪಟ್ಟು ಬರೆದದ್ದಕ್ಕೆ ಕೊಳೆ ಅನ್ನುವ ಹೆಸರು ನಮಗೇನೂ ಹಿಡಿಸಲಿಲ್ಲ. ಆದರೆ ಆ ಲೆಕ್ಕ ಇಡುವುದು ಮುಖ್ಯ ಅಂತ ಆ ಮೂರು ದಿನದಲ್ಲಿ ಕಲಿತೆವು. ಏನೂ ಬರೆಯದವರನ್ನು ಕೇಳಬಾರದು, ಕಳಿಸಿದವರನ್ನು ಕೇಳಬಾರದು, ಬರೆದು ಕಳಿಸದವರನ್ನು ಮಾತ್ರ ಕೇಳಬೇಕು.

ಅದೂ ಅಲ್ಲದೆ ಫೋನಿನಲ್ಲಿ ಆ ಎಚ್ಚರಿಕೆ ಪ್ರತಿ ಸಲ ಬರುತ್ತದೆ ಅನ್ನುವ ಭರವಸೆಯಿಲ್ಲ. ಬರೆಯುತ್ತಾ ಬರೆಯುತ್ತಾ ಕಾಲ್ ಬಂತು, ಮಾತಾಡಿದಿರಿ, ಆಮೇಲೆ ಹಿನ್ನೆಲೆಯ ಆ್ಯಪುಗಳನ್ನೆಲ್ಲ ಮೇಲೆ ಸರಿಸಿ ಮುಚ್ಚಿದಿರಿ ಅಂದುಕೊಳ್ಳಿ. ಯಾರೂ ಏನೂ ಕೇಳುವುದಿಲ್ಲ, ಬರೆದದ್ದು ಹೋಗಿರುತ್ತದೆ. ನೆನಪಿನ ಜಾಗ ಕಮ್ಮಿ ಇರುವ ಫೋನಾದರೆ ನೀವು ಮುಚ್ಚುವುದೂ ಬೇಡ. ಒಟಿಪಿ ನೋಡಲು ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ಫೋನೇ ಆ ಪುಟವನ್ನು ಕೊಂದು, ನೀವು ವಾಪಸ್ ಬಂದಾಗ ಮೊದಲಿನಿಂದ ತೆರೆಯುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಒಂದು ಜಾಲತಾಣದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಹೀಗೆ ನಾಲ್ಕು ಸಲ ಆಯಿತು. ಐದನೇ ಸಲ ಅವಳು ಒಟಿಪಿಯನ್ನು ತಮ್ಮನ ಕೈಲಿ ಕೂಗಿಸಿಕೊಂಡಳು, ಸಿಮ್ಮನ್ನು ಅವನ ಫೋನಿಗೆ ಹಾಕಿ. ಹಳ್ಳಿಯವರಿಗೆ ತಂತ್ರಜ್ಞಾನ ಬರುವುದಿಲ್ಲ ಅನ್ನುವವರು ಇದನ್ನು ನೋಡಬೇಕಿತ್ತು.

ಹಾಗಾಗಿ ಎಚ್ಚರಿಕೆ ನಂಬಿಕೊಂಡರೆ ಆಗಲ್ಲ, ಬರೆದದ್ದನ್ನೇ ಉಳಿಸಬೇಕು ಅಂತ ತೀರ್ಮಾನಿಸಿದೆವು. ಬ್ರೌಸರಿನೊಳಗೆ ಪ್ರತಿ ಜಾಲತಾಣಕ್ಕೂ ಒಂದು ಪುಟ್ಟ ಕಣಜ ಇರುತ್ತದೆ. ಲೋಕಲ್ ಸ್ಟೋರೇಜ್ ಅಂತ ಹೆಸರು. ಸಾಮಾನ್ಯವಾಗಿ 5 ಎಂಬಿಯಷ್ಟು ಜಾಗ. ಬರೀ ಅಕ್ಷರವಾದರೆ ಒಂದು ಕಾದಂಬರಿಯನ್ನೇ ತುಂಬಿಡಬಹುದು. ಅಲ್ಲಿಟ್ಟದ್ದು ಫೋನು ಆರಿಸಿ ಹಚ್ಚಿದರೂ ಇರುತ್ತದೆ, ಇಂಟರ್ನೆಟ್ಟೂ ಬೇಕಿಲ್ಲ, ನಮಗೂ ಬರುವುದಿಲ್ಲ, ನಿಮ್ಮ ಫೋನಿನಲ್ಲೇ ಇರುತ್ತದೆ. ನೀವು ಬೆರಳು ಎತ್ತಿದ ಕೂಡಲೇ ಬರೆದಷ್ಟೂ ಅಲ್ಲಿಗೆ ಹೋಗುವಂತೆ ಮಾಡಿದೆವು. ಮತ್ತೆ ಫಾರಂ ತೆರೆದರೆ ಬಿಟ್ಟಲ್ಲಿಂದಲೇ ಇರುತ್ತಿತ್ತು. ಫೋಟೊ ಒಂದನ್ನು ಮಾತ್ರ ಮತ್ತೆ ಆರಿಸಬೇಕು. ಯಾವುದೇ ಜಾಲತಾಣ ತಾನಾಗಿಯೇ ನಿಮ್ಮ ಫೋನಿನೊಳಗಿನ ಫೋಟೊ ಎತ್ತಿಕೊಳ್ಳುವಂತಿಲ್ಲ. ಅದು ಹಾಗಿರುವುದೇ ಒಳ್ಳೆಯದು.

ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ನಾವು ನಾಲ್ಕೂ ಜನ ಬೇಕಂತಲೇ ಬ್ಯಾಕ್ ಒತ್ತುವುದು, ಮತ್ತೆ ತೆರೆದು ಇದೆಯಾ ಅಂತ ನೋಡುವುದು, ಮಕ್ಕಳಾಟ ಆಡಿದೆವು. ಎರಡು ತಿಂಗಳು ನೆಮ್ಮದಿಯಾಗಿದ್ದೆವು.

ಆಮೇಲೆ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ, ಪಿಸುಮಾತು.

"ಅಣ್ಣಾ, ನಿಮ್ಮ ಅದ್ರಾಗೆ ನಾನು ಬರ್ದಿದ್ದೆ. ಕಳಿಸಲಿಲ್ಲ. ಭಯ ಆಗಿ ಬ್ಯಾಕ್ ಒತ್ತಿ ಹೊರಗೆ ಬಂದೆ. ಅದು ಅಲ್ಲೇ ಹೆಂಗಣ್ಣ ಇತ್ತು?"

ಅವರು ಯಾರು, ಎಲ್ಲಿಯವರು ಅಂತ ಇಲ್ಲಿ ಬರೆಯುವುದಿಲ್ಲ. ಇಷ್ಟು ಮಾತ್ರ ಹೇಳಬಹುದು. ಅವರ ಊರಿನ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಹೆಂಡದ ಪ್ಯಾಕೆಟ್ ಮಾರುತ್ತಾರೆ. ಬೆಳಿಗ್ಗೆ ಆರಕ್ಕೇ ಶುರು. ಅಂಗಡಿ ಇಟ್ಟವರು ಅವರ ಗಂಡನ ಮನೆ ಕಡೆ ನೆಂಟರು. ಅದನ್ನು ಹೆಸರು ಸಮೇತ ನಮಗೆ ಬರೆದಿದ್ದರು. ಬರೆದ ಮೇಲೆ ಧೈರ್ಯ ಸಾಲದೆ ಬ್ಯಾಕ್ ಒತ್ತಿದರು. ಬ್ಯಾಕ್ ಒತ್ತಿದರೆ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಎಲ್ಲ ಕಡೆ ಹಾಗೇ ತಾನೆ ಆಗುವುದು. ಮನೆಗೆ ಇರುವುದು ಒಂದೇ ದೊಡ್ಡ ಫೋನು. ಎರಡು ದಿನ ಬಿಟ್ಟು ಮೈದುನ ಅದೇ ಫೋನಿನಲ್ಲಿ ನಮ್ಮ ಪುಟ ತೆರೆದಿದ್ದಾನೆ. ಫಾರಂ ಒತ್ತಿದ್ದಾನೆ. ಅತ್ತಿಗೆ ಬರೆದದ್ದು ಒಂದಕ್ಷರ ಬಿಡದೆ ಎದುರಿಗೆ ನಿಂತಿದೆ.

ಏನಾಯಿತಕ್ಕ ಅಂತ ಕೇಳಿದೆವು. "ಆಗಿದ್ದು ಆಯ್ತು ಬಿಡಿ. ಫೋನ್ ಕಿತ್ಕೊಂಡವ್ರೆ. ಇದು ಪಕ್ಕದ ಮನೇರದ್ದು. ನಮ್ಮ ನಂಬರಿಗೆ ಮಾಡ್ಬೇಡಿ." ಇಷ್ಟೇ. ಇಟ್ಟುಬಿಟ್ಟರು.

ತಾತ ಬರೆದದ್ದು ಹೋಗಬಾರದಿತ್ತು, ಹೋಯಿತು. ಈ ಅಕ್ಕ ಬರೆದದ್ದು ಹೋಗಬೇಕಿತ್ತು, ಹೋಗಲಿಲ್ಲ. ಎರಡೂ ನಮ್ಮ ಕೈಯಿಂದಲೇ ಆದದ್ದು. ಮೊದಲನೆಯದು ಗೊತ್ತಿಲ್ಲದೆ. ಎರಡನೆಯದು ಮಾತ್ರ, ಖುಷಿಯಿಂದ ಬೆನ್ನು ತಟ್ಟಿಕೊಂಡು ಮಾಡಿದ್ದು. ಒಬ್ಬರಿಗೆ ಒಂದು ಫೋನು ಅನ್ನುವುದು ಅದನ್ನು ಮಾಡಿದವರ ಊಹೆ. ನಾವು ಹುಟ್ಟಿ ಬೆಳೆದ ಮನೆಗಳಲ್ಲೇ ಅತ್ತೆ ಸೊಸೆ ಮಕ್ಕಳು ಎಲ್ಲರಿಗೂ ಒಂದೇ ಫೋನು. ಅದು ನಮಗೆ ಬೇರೆಯವರು ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಕೋಡು ಬರೆಯಲು ಕೂತಾಗ ನಮ್ಮ ತಲೆಯಲ್ಲಿ ಇದ್ದದ್ದು ಒಬ್ಬನೇ ಮನುಷ್ಯ, ಒಂದೇ ಫೋನು.

ಆವತ್ತು ರಾತ್ರಿಯೇ ಆ ಉಳಿಸುವ ವ್ಯವಸ್ಥೆ ತೆಗೆದೆವು. ಮುಂದೇನು ಅನ್ನುವುದರಲ್ಲಿ ನಮ್ಮ ನಮ್ಮಲ್ಲೇ ಜಗಳ. ಒಬ್ಬ ಹೇಳಿದ, ಏನನ್ನೂ ಉಳಿಸುವುದೇ ಬೇಡ, ಬರೆದವರು ಜೋಪಾನವಾಗಿರಲಿ. ಇನ್ನೊಬ್ಬಳು, ಹಾಗಾದರೆ ತಾತನ ಗತಿ ಏನು ಅಂದಳು. ಬರಹ ಬರೆಯುತ್ತಿದ್ದಂತೆಯೇ ನಮ್ಮ ಸರ್ವರಿಗೇ ಬಂದುಬಿಡಲಿ, ಆಗ ಫೋನಿನಲ್ಲಿ ಏನೂ ಉಳಿಯುವುದಿಲ್ಲ ಅಂತ ಮತ್ತೊಂದು ಸಲಹೆ ಬಂತು. ಇದನ್ನು ಮಾತ್ರ ಎಲ್ಲರೂ ಸೇರಿ ತಳ್ಳಿಹಾಕಿದೆವು. ಕಳಿಸು ಅಂತ ಒತ್ತದ ಮಾತನ್ನು ಓದುವ ಹಕ್ಕು ನಮಗಿಲ್ಲ. ಆ ಅಕ್ಕ ಕಳಿಸಬಾರದು ಅಂತ ತೀರ್ಮಾನಿಸಿದ್ದರು, ಅದು ಅವರ ತೀರ್ಮಾನ.

ಹೊರಗಿನವರು ಏನು ಮಾಡಿದ್ದಾರೆ ಅಂತ ಓದುವಾಗ ಒಂದು ಸಂಗತಿ ತಿಳಿಯಿತು. ಬ್ರಿಟನ್ನಿನ ಸರ್ಕಾರಿ ಜಾಲತಾಣಗಳಿಗೆ ಒಂದು ವಿನ್ಯಾಸದ ಕೈಪಿಡಿ ಇದೆ. ಮನೆಯಲ್ಲಿ ಹಿಂಸೆ ಅನುಭವಿಸುವವರು ಸಹಾಯ ಕೇಳುವಂಥ ಪುಟಗಳಲ್ಲಿ 'ಈ ಪುಟದಿಂದ ಹೊರಡಿ' ಎಂಬ ಗುಂಡಿ ಇಡಬೇಕು ಅಂತ ಅದರಲ್ಲಿದೆ. ಯಾರಾದರೂ ಬಂದರೆ ಅದನ್ನು ಒತ್ತಿದ ಕೂಡಲೇ ಪುಟ ಸರಿದು ಬೇರೆ ಏನೋ ಸಾಮಾನ್ಯ ಪುಟ ಬರುತ್ತದೆ. ಆದರೆ ಅದು ಬ್ರೌಸರಿನ ಹಿಸ್ಟರಿ ಅಳಿಸುವುದಿಲ್ಲ. ಎಲ್ಲೆಲ್ಲಿ ಹೋಗಿದ್ದಿರಿ ಎನ್ನುವ ಪಟ್ಟಿ ಹಾಗೇ ಇರುತ್ತದೆ. ಅದನ್ನು ನೀವೇ ಅಳಿಸಬೇಕು. ಯಾವ ಜಾಲತಾಣವೂ ನಿಮ್ಮ ಪರವಾಗಿ ಅದನ್ನು ಅಳಿಸಲಾರದು.

ಈಗ ನಮ್ಮ ಫಾರಂ ಹೀಗಿದೆ. ಬರೆಯುವಾಗ ಅಕ್ಷರಗಳು ಆ ಒಂದು ಟ್ಯಾಬಿನ ಮಟ್ಟಿಗೆ ಮಾತ್ರ ಉಳಿಯುತ್ತವೆ. ಇದಕ್ಕೆ ಸೆಷನ್ ಸ್ಟೋರೇಜ್ ಅನ್ನುತ್ತಾರೆ. ಒಟಿಪಿ ನೋಡಲು ಹೋಗಿ ಬಂದರೆ, ಪುಟ ತಾನಾಗಿ ಮತ್ತೆ ತೆರೆದುಕೊಂಡರೆ ಸಾಮಾನ್ಯವಾಗಿ ಇರುತ್ತವೆ. ಟ್ಯಾಬು ಮುಚ್ಚಿದರೆ ಹೋಗುತ್ತವೆ. ಇನ್ನು ಬ್ಯಾಕ್. ನೀವು ಮೊದಲ ಅಕ್ಷರ ಬರೆದ ಕೂಡಲೇ ನಾವು ಬ್ರೌಸರಿನ ಹೆಜ್ಜೆಗಳ ಪಟ್ಟಿಗೆ ಒಂದು ಸುಳ್ಳು ಹೆಜ್ಜೆ ಸೇರಿಸುತ್ತೇವೆ. ಕಲ್ಯಾಣಿಗೆ ಇನ್ನೊಂದು ಮೆಟ್ಟಿಲು ಸೇರಿಸಿದ ಹಾಗೆ. ನೀವು ಬ್ಯಾಕ್ ಒತ್ತಿದರೆ ನೇರವಾಗಿ ಹೊರಗೆ ಬೀಳದೆ ಆ ಮೆಟ್ಟಿಲಿನ ಮೇಲೆ ನಿಲ್ಲುತ್ತೀರಿ. ಅಲ್ಲಿ ನಮ್ಮದೇ ಕನ್ನಡದಲ್ಲಿ ಪ್ರಶ್ನೆ ಬರುತ್ತದೆ: 'ಬರೆದದ್ದು ಇನ್ನೂ ಕಳಿಸಿಲ್ಲ. ಏನು ಮಾಡೋಣ?' ಕೆಳಗೆ ಮೂರು ಗುಂಡಿ. ಬರೆಯುವುದು ಮುಂದುವರಿಸಿ. ಈ ಫೋನಿನಲ್ಲಿ ಇಟ್ಟು ಹೋಗಿ. ಅಳಿಸಿ ಹೋಗಿ. ಇನ್ನೊಮ್ಮೆ ಬ್ಯಾಕ್ ಒತ್ತಿದರೆ ಅಳಿಸಿಯೇ ಹೋಗುತ್ತದೆ, ತಡೆಯುವುದಿಲ್ಲ. ಯಾರನ್ನೂ ಪುಟದಲ್ಲಿ ಕಟ್ಟಿಹಾಕಬಾರದು. ಹಾಗೆ ಕಟ್ಟಿಹಾಕುವವರು ಜಾಸ್ತಿಯಾಗಿಯೇ, ಬಳಕೆದಾರ ಮುಟ್ಟದೆ ಸೇರಿಸಿದ ಸುಳ್ಳು ಹೆಜ್ಜೆಗಳನ್ನು ಕ್ರೋಮ್ ಈಗ ದಾಟಿಕೊಂಡು ಹೋಗುತ್ತದೆ.

ಇಟ್ಟು ಹೋಗಿ ಒತ್ತಿದವರು ಮುಂದಿನ ಸಲ ಬಂದಾಗ ಬರೆದದ್ದು ತಾನಾಗಿ ಕಾಣುವುದಿಲ್ಲ. 'ಅರ್ಧ ಬರೆದದ್ದಿದೆ' ಎಂದಷ್ಟೇ ಹೇಳಿ, ಇಡುವಾಗ ಅವರೇ ಕೊಟ್ಟ ಒಂದು ಗುರುತಿನ ಪದ ಕೇಳುತ್ತದೆ. ಏಳು ದಿನ ಕಳೆದ ಮೇಲೆ ಫಾರಂ ತೆರೆದರೆ ಅದನ್ನು ಅಳಿಸಿಬಿಡುತ್ತದೆ. ಇದೂ ಪೂರ್ತಿ ಭದ್ರವಲ್ಲ. 'ಅರ್ಧ ಬರೆದದ್ದಿದೆ' ಅನ್ನುವ ಮಾತೇ ಕೆಲವು ಮನೆಗಳಲ್ಲಿ ಸಾಕು. ಆದ್ದರಿಂದ ಫಾರಮ್ಮಿನ ತುದಿಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ, ಫೋನು ನಿಮ್ಮೊಬ್ಬರದಲ್ಲದಿದ್ದರೆ 'ಅಳಿಸಿ ಹೋಗಿ' ಒತ್ತಿ ಅಂತ. ಕ್ರೋಮಿನ ಮೂರು ಚುಕ್ಕಿಯಲ್ಲಿ ಅಜ್ಞಾತ ಟ್ಯಾಬ್ ಅಂತ ಒಂದಿದೆ. ಇಂಗ್ಲಿಷ್ ಫೋನಿನಲ್ಲಿ ಇನ್‌ಕಾಗ್ನಿಟೊ. ಅದರಲ್ಲಿ ತೆರೆದು ಬರೆದು, ಮುಗಿದ ಮೇಲೆ ಅಂಥ ಟ್ಯಾಬುಗಳನ್ನೆಲ್ಲ ಮುಚ್ಚಿದರೆ ಫೋನಿನಲ್ಲಿ ಹಿಸ್ಟರಿಯೂ ಉಳಿಯುವುದಿಲ್ಲ.

ಬೇರೆಯವರ ಫಾರಂ ತುಂಬುವಾಗ, ಪಿಂಚಣಿಯದೋ ಬೆಳೆ ವಿಮೆಯದೋ ಏನೇ ಇರಲಿ, ಅವರು ಇದನ್ನೆಲ್ಲ ಮಾಡಿರುತ್ತಾರೆ ಅಂತ ನಂಬಬೇಡಿ. ಉದ್ದದ ಬರಹ ಇದ್ದರೆ ಮೊದಲು ವಾಟ್ಸಾಪಿನಲ್ಲಿ ನಿಮಗೇ ನೀವು ಬರೆದು ಕಳಿಸಿಕೊಂಡು, ಅಲ್ಲಿಂದ ಕಾಪಿ ಮಾಡಿ ಫಾರಮ್ಮಿಗೆ ಅಂಟಿಸಿ. ಕೀಬೋರ್ಡು ಇಳಿಸಲು ಬ್ಯಾಕ್ ಬದಲು ಪುಟದ ಖಾಲಿ ಜಾಗ ಮುಟ್ಟಿ. ಹಣ ಕಟ್ಟಿದ ಮೇಲಂತೂ ಬ್ಯಾಕ್ ಒತ್ತಲೇಬೇಡಿ. ಮತ್ತೆ ಕಳಿಸಬೇಕಾ ಅಂತ ಬ್ರೌಸರು ಕೇಳಿದರೆ ಬೇಡ ಅನ್ನಿ. ಹೂಂ ಅಂದರೆ ಕಳಿಸಿದ್ದೇ ಇನ್ನೊಮ್ಮೆ ಹೋಗುವ ಅಪಾಯವಿದೆ.

ಎಲ್ಲ ಮುಗಿಸಿ ತಾತನ ಊರಿಗೆ ಹೋದೆವು. ಕೆರೆ ಏರಿ ಮೇಲೆ ಕೂತು, ಅವತ್ತು ಬರೆದದ್ದನ್ನು ಹೇಳಿ ತಾತ, ನಾವೇ ಬರೆದುಕೊಳ್ಳುತ್ತೇವೆ ಅಂದೆವು. ತೂಬಿನ ವಿಷಯ ಹೇಳಿದರು. ಕಾಲುವೆ ಒತ್ತುವರಿ ಹೇಳಿದರು. ನೀರಿನ ಸರದಿ ಹೇಳುವಾಗ ನಡುವೆ ನಿಂತುಬಿಟ್ಟರು. ಯಾವ ಗದ್ದೆಯ ನಂತರ ಯಾವ ಗದ್ದೆ ಅನ್ನುವುದು ಜ್ಞಾಪಕಕ್ಕೆ ಬರಲಿಲ್ಲ.

"ಅವತ್ತು ನಮ್ಮಾಕೆ ಪಕ್ಕದಾಗೆ ಕೂತಿದ್ಲು. ನಾನು ಮರೆತಲ್ಲೆಲ್ಲ ಅವಳೇ ಹೇಳ್ತಿದ್ಲು. ಕಳೆ ಕೀಳೋಕೆ ಹೋಗಿ ಹೋಗಿ ಅವಳಿಗೆ ಎಲ್ಲರ ಗದ್ದೆ ಬಾಯಿಪಾಠ."

ಅಜ್ಜಿ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ತೀರಿಕೊಂಡಿದ್ದರು. ಮದುವೆಯಲ್ಲಿ ಸಿಕ್ಕಾಗ ಅವರು ಅದನ್ನು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ನಾವು ಏನು ಹೇಳಬೇಕೋ ಗೊತ್ತಾಗದೆ ಫೋನು ತೆಗೆದು ಹೊಸ ಫಾರಂ ತೋರಿಸಿದೆವು. ಅವರದೇ ಫೋನಿನಲ್ಲಿ ತೆರೆದುಕೊಟ್ಟೆವು. ತಾತ ಟವಲಿನಿಂದ ಪರದೆ ಒರೆಸಿ, ಮೈಕು ಒತ್ತಿ ಏನೋ ಹೇಳತೊಡಗಿದರು. ನಾವು ಸ್ವಲ್ಪ ದೂರ ಹೋಗಿ ಕೋಡಿ ಕಡೆ ನೋಡುತ್ತಾ ನಿಂತೆವು. ಕೆರೆಯಲ್ಲಿ ನೀರು ತಳಕ್ಕೆ ಹೋಗಿತ್ತು. ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಹತ್ತು ನಿಮಿಷ ಬಿಟ್ಟು ಕರೆದರು. "ಈಗ ಒತ್ಲಾ?" ಅಂದು ಬೇಕಂತಲೇ ಬ್ಯಾಕ್ ಒತ್ತಿದರು. ಪ್ರಶ್ನೆ ಬಂತು. ಅಕ್ಷರ ಅಕ್ಷರ ಸೇರಿಸಿ ಗಟ್ಟಿಯಾಗಿ ಓದಿದರು. ಮೂರು ಗುಂಡಿಗಳ ಮೇಲೂ ಬೆರಳು ಆಡಿಸಿ, ನಡುವಿನದನ್ನು ಒತ್ತಿದರು. ಗುರುತಿನ ಪದ ಕೇಳಿತು. ನಮ್ಮ ಕಡೆಗೆ ಬೆನ್ನು ತಿರುಗಿಸಿ ಬರೆದರು.

"ಇರ್ಲಿ. ಇನ್ನೂ ಒಂದೆರಡು ಜನನ ಕೇಳಿ ತಿಳ್ಕೊಂಡು ಬರೀತೀನಿ."

ಏಳು ದಿನದಲ್ಲಿ ಅಳಿಸಿಹೋಗುತ್ತೆ ತಾತ ಅಂತ ಹೇಳಿದೆವು. ಅಷ್ಟರೊಳಗೆ ಆಗುತ್ತೇನಪ್ಪಾ ಅಂದರು. ಮನೆಗೆ ಬಂದು ಅದನ್ನು ಮೂವತ್ತು ದಿನ ಮಾಡಿದೆವು. ಅವರ ಫೋನಿನಲ್ಲಿ ಈಗ ಎಷ್ಟು ಸಾಲು ಇದೆಯೋ ನಮಗೆ ಕಾಣುವುದಿಲ್ಲ. ಇವತ್ತಿಗೆ ಹನ್ನೊಂದನೇ ದಿನ.